ಓಡುವವನನ್ನು ಕೊಟ್ಟು ಎಸೆಯುವವನನ್ನು ತರೋಣವಾ?

ಎಲ್ಲರಿಗೂ ಯುಗಾದಿಯ ಶುಭಾಶಯಗಳು. ವಿಶ್ವಾವಸು ಸಂವತ್ಸರ ನಿಮ್ಮೆಲ್ಲರ ಮನೆಗೂ ಒಳ್ಳೆಯದನ್ನೇ ತರಲಿ.

ರಾತ್ರಿ ಹನ್ನೊಂದೂವರೆ ಆಗಿದೆ. ಬೆಳಗ್ಗೆ ಏಳಕ್ಕೆ ಸಂಚಿಕೆ ಪ್ರಿಂಟರ್ ಕೈ ಸೇರಬೇಕು, ಈ ಪುಟ ಮಾತ್ರ ಖಾಲಿ ಇದೆ. ಬೇವು ಬೆಲ್ಲದ ಬಗ್ಗೆ ಬರೆಯೋಣ ಅಂತಲೇ ಕೂತಿದ್ದೆ. ಆದರೆ ಊಟದ ಹೊತ್ತಿಗೆ ಹನ್ನೆರಡು ವರ್ಷದ ಮಗ ಚಪಾತಿ ಮುರಿಯುತ್ತಾ ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ.

"ಅಮ್ಮ, ಜೈಂಟ್ಸ್‌ನವರು ಸೇಕ್ವಾನ್‌ನ ಸುಮ್ನೆ ಬಿಟ್ಟುಬಿಟ್ರು. ಅದರ ಬದಲು ಮೊದಲೇ ಅವನನ್ನ ಕೊಟ್ಟು ಒಬ್ಬ ಒಳ್ಳೆ ಕ್ವಾರ್ಟರ್‌ಬ್ಯಾಕ್ ತಗೊಂಡಿದ್ರೆ?"

ಮಾತು ಅಮೆರಿಕನ್ ಫುಟ್‌ಬಾಲಿನದು. ಜೈಂಟ್ಸ್ ನ್ಯೂಯಾರ್ಕಿನ ತಂಡ. ಸೇಕ್ವಾನ್ ಅಲ್ಲಿದ್ದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆದು ಆಟ ನಡೆಸುವವನು. ನ್ಯೂಜೆರ್ಸಿಯಲ್ಲಿ ಇರುವ ನಮಗೆ ಇದು ದೂರದ ಪ್ರಶ್ನೆ ಅಲ್ಲ. ನಮ್ಮ ಕನ್ನಡ ಕೂಟದಲ್ಲೇ ಎಡಿಸನ್ ಕಡೆಯ ಮಕ್ಕಳು ಜೈಂಟ್ಸ್, ಚೆರಿ ಹಿಲ್ ಕಡೆಯ ಮಕ್ಕಳು ಫಿಲಡೆಲ್ಫಿಯಾದ ಈಗಲ್ಸ್. 2025ರ ಫೆಬ್ರವರಿ 9, ಸೂಪರ್ ಬೌಲ್ ಅನ್ನುವ ಫೈನಲ್ ಪಂದ್ಯದ ರಾತ್ರಿ ಎರಡೂ ಕಡೆಯವರು ಒಂದೇ ಮನೆಯಲ್ಲಿ ಕೂತು ಮೆಣಸಿನಕಾಯಿ ಬಜ್ಜಿ ತಿಂದರು. ಈಗಲ್ಸ್ 40-22ರಲ್ಲಿ ಗೆದ್ದಾಗ ನನ್ನ ಮಗ ಎದ್ದು ಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡ. ಅವನ ಹತ್ತಿರ ಸೇಕ್ವಾನ್ ಬಾರ್ಕ್ಲಿಯ 26ನೇ ನಂಬರಿನ ನೀಲಿ ಜೆರ್ಸಿ ಇದೆ. 2018ರಲ್ಲಿ ಅವನಿಗೆ ಐದು ವರ್ಷ ಇದ್ದಾಗ ತಂದಿದ್ದು, ಬೆಳೆದ ಮೇಲೂ ಆಗಲಿ ಅಂತ ಎರಡು ಸೈಜ್ ದೊಡ್ಡದು. ಈಗ ಭುಜದ ಹತ್ತಿರ ಹೊಲಿಗೆ ಬಿಟ್ಟಿದೆ. ಆ ನಂಬರಿನವನೇ ತನ್ನ ಹುಟ್ಟುಹಬ್ಬದ ದಿನ ಹಸಿರು ಬಟ್ಟೆ ಹಾಕಿಕೊಂಡು ಕಪ್ ಎತ್ತುವುದನ್ನು ನೋಡಿದರೆ ಮಗುವಿಗೆ ಹೇಗಾಗಬೇಡ.

ನಡೆದದ್ದು ಇಷ್ಟು. ಪ್ರತಿ ವರ್ಷ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2018ರ ಡ್ರಾಫ್ಟ್‌ನಲ್ಲಿ ಜೈಂಟ್ಸ್‌ಗೆ 2ನೇ ಸರದಿ ಸಿಕ್ಕಿತ್ತು. ಆ ವರ್ಷ ಜಾಶ್ ಆಲೆನ್ 7ನೆಯವನಾಗಿ, ಲಮಾರ್ ಜಾಕ್ಸನ್ 32ನೆಯವನಾಗಿ ಬೇರೆ ತಂಡಗಳಿಗೆ ಹೋದರು. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು. ಜೈಂಟ್ಸ್ ಮಾತ್ರ ರನ್ನಿಂಗ್ ಬ್ಯಾಕ್ ಬಾರ್ಕ್ಲಿಯನ್ನು ಆರಿಸಿತು. ಮೊದಲ ವರ್ಷವೇ ಅವನು ಓಡಿ 1,307 ಗಜ ತಂದ. 2020ರಲ್ಲಿ ಮೊಣಕಾಲು ಹೋಯಿತು. 2022ರಲ್ಲಿ ಮತ್ತೆ 1,312 ಗಜ, ತಂಡ ಪ್ಲೇಆಫ್‌ಗೂ ಹೋಯಿತು. ಆಮೇಲೆ 2023ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ಗೆ ನಾಲ್ಕು ವರ್ಷಕ್ಕೆ 16 ಕೋಟಿ ಡಾಲರ್ ಒಪ್ಪಂದ ಕೊಟ್ಟರು, ಬಾರ್ಕ್ಲಿಗೆ ಸುಮಾರು ಒಂದು ಕೋಟಿ ಡಾಲರಿನ ಒಂದೇ ವರ್ಷದ ಟ್ಯಾಗ್ ಹಾಕಿ ಹಿಡಿದಿಟ್ಟುಕೊಂಡರು. ಮರುವರ್ಷ ಅವನು ಫಿಲಡೆಲ್ಫಿಯಾಕ್ಕೆ ಹೋಗಿ 2,005 ಗಜ ಓಡಿದ. ಅವನು ಅಲ್ಲಿಗೆ ಹೋದರೆ ತನಗೆ ನಿದ್ದೆ ಬರುವುದು ಕಷ್ಟ ಅಂತ ಜೈಂಟ್ಸ್ ಮಾಲೀಕ ಜಾನ್ ಮಾರಾ ಟಿವಿ ಕ್ಯಾಮೆರಾ ಮುಂದೆಯೇ ಹೇಳಿದ್ದರು. ಜೋನ್ಸ್‌ನನ್ನು 2024ರ ನವೆಂಬರಿನಲ್ಲಿ ಕೈಬಿಟ್ಟರು. ಇವನೂ ಇಲ್ಲ, ಅವನೂ ಇಲ್ಲ. ಆ ಸೀಸನ್ನಿನಲ್ಲಿ ಜೈಂಟ್ಸ್‌ಗೆ ಹದಿನೇಳು ಪಂದ್ಯದಲ್ಲಿ ಮೂರು ಗೆಲುವು.

ಹಾಗಾದರೆ ಓಡುವವನನ್ನು ಕೊಟ್ಟು ಕ್ವಾರ್ಟರ್‌ಬ್ಯಾಕ್ ತರಬೇಕಿತ್ತಾ? ಲೆಕ್ಕ ಹಾಕಿದರೆ ಹೌದು ಅಂತಲೇ ನಾನು ಹೇಳುತ್ತೇನೆ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡುವವನು ಅವನು. ಅವನು ಮೂವತ್ತೈದರ ಮೇಲೂ ಆಡಬಹುದು. ಓಡುವವನ ಮೈ ಇಪ್ಪತ್ತೆಂಟಕ್ಕೇ ಸವೆಯುತ್ತದೆ, ಒಂದೊಂದು ಓಟಕ್ಕೂ ಮೂರು ನಾಲ್ಕು ಜನ ಮೈಮೇಲೆ ಬೀಳುತ್ತಾರೆ. ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ 6 ಕೋಟಿ ಡಾಲರ್, ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್ಯಾಫ್ರಿಗೆ 1.9 ಕೋಟಿ. ಬೆಲೆಯೇ ಹೀಗಿರುವಾಗ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇರುವ ಯಾವ ತಂಡ ಅವನನ್ನು ಕೊಟ್ಟು ಓಡುವವನನ್ನು ಕೊಳ್ಳುತ್ತದೆ? ಕೊಡುತ್ತೇವೆ ಅಂತ ಯಾರಾದರೂ ಬಂದರೆ ಅವನ ಭುಜವೋ ಮೊಣಕಾಲೋ ಸರಿ ಇಲ್ಲ ಅಂತಲೇ ಅರ್ಥ.

ಇದನ್ನೇ ಮಗನಿಗೆ ಹೇಳಿದೆ. ಅವನು ಒಪ್ಪಲಿಲ್ಲ. ಪಾತ್ರೆ ತೊಳೆಯುವಾಗ ನನಗೆ ನಮ್ಮೂರಿನ ವಾಲಿಬಾಲ್ ನೆನಪಾಯಿತು.

ಕೊಪ್ಪದ ಹತ್ತಿರ ನಮ್ಮೂರು. ಅಡಿಕೆ ಕೊಯ್ಲು ಮುಗಿದ ಮೇಲೆ ಸ್ಕೂಲ್ ಮೈದಾನದಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆಯುತ್ತಿತ್ತು. ನಾಲ್ಕು ಕಂಬ, ಬಾಡಿಗೆ ಜನರೇಟರ್, ಬೆಳಕಿನ ಸುತ್ತ ಹುಳು, ಸುಣ್ಣದ ಗೆರೆ, ಮೈಕಿನಲ್ಲಿ ಕನ್ನಡ ಮೇಷ್ಟ್ರ ಕಾಮೆಂಟರಿ. ನಮ್ಮಣ್ಣ ಊರಿನ ಸ್ಮ್ಯಾಶರ್. ಅವನು ನೆಟ್ ಹತ್ತಿರ ಎಗರಿ ಹೊಡೆದರೆ ಬಾಲ್ ಎದುರಿನವರ ಕಾಲ ಬಳಿ ಬಿದ್ದು ದೂಳು ಏಳುತ್ತಿತ್ತು. ಆದರೆ ಅವನಿಗೆ ಬಾಲ್ ಎತ್ತಿಕೊಡುವ ಲಿಫ್ಟರ್ ಆ ವರ್ಷ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿಬಿಟ್ಟಿದ್ದ. ಪಕ್ಕದೂರಿನಲ್ಲಿ ಇಬ್ಬರು ಲಿಫ್ಟರ್ ಇದ್ದರು, ಹೊಡೆಯುವವರು ಯಾರೂ ಇರಲಿಲ್ಲ. ಒಂದು ಸಂಜೆ ಎರಡೂ ಊರಿನವರು ನಮ್ಮ ಮನೆ ಅಂಗಳದಲ್ಲೇ ಕೂತು ಮಾತಾಡಿದರು. ಅಡಿಕೆ ಒಣಗಿಸಿದ ಚಾಪೆ ಸರಿಸಿ ಕೂತರು. ಅಮ್ಮ ಕಾಫಿ ಕೊಟ್ಟಳು. ಲಿಫ್ಟರ್ ಇಲ್ಲದೆ ಸ್ಮ್ಯಾಶರ್ ಇಟ್ಟುಕೊಂಡು ಏನು ಮಾಡೋದು, ಆಟ ಕಟ್ಟುವವನು ಬೇಕು, ಈ ಒಂದು ಪಂದ್ಯಾವಳಿಗೆ ಇವನನ್ನು ಕೊಟ್ಟು ಅವನನ್ನು ತಗೊಳ್ಳೋಣ ಅಂತ ತೀರ್ಮಾನ ಆಯಿತು. ಅಣ್ಣ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಎಲ್ಲರೂ ಹೋದ ಮೇಲೆ ಲೋಟಗಳನ್ನು ಅವನೇ ಎತ್ತಿಕೊಂಡು ಒಳಗೆ ಬಂದ. ಅಮ್ಮ ಅವತ್ತು ರಾತ್ರಿ ಅವನಿಗೆ ಎರಡು ಸಲ ತುಪ್ಪ ಬಡಿಸಿದಳು.

ಸೆಮಿಫೈನಲ್‌ನಲ್ಲಿ ಅವರೂ ನಾವೂ ಎದುರಾದೆವು. ನಮ್ಮ ಹೊಸ ಲಿಫ್ಟರ್ ಕೈ ಎಷ್ಟು ಚೆನ್ನಾಗಿತ್ತು ಅಂದರೆ ಬಾಲ್ ನೆಟ್ ಮೇಲೆ ಹೂವಿನ ಹಾಗೆ ನಿಲ್ಲುತ್ತಿತ್ತು. ಆದರೆ ಅವನ ಕೈಗೆ ಬಾಲ್ ಬಂದರೆ ತಾನೇ? ಹಿಂದೆ ನಿಂತು ಸರ್ವಿಸ್ ಎತ್ತಬೇಕಾದ ಮೂವರೂ ಹೊಸ ಹುಡುಗರು, ಬಾಲ್ ಒಂದು ಸಲ ಬೇಲಿಗೆ, ಒಂದು ಸಲ ಮೇಷ್ಟ್ರ ಮೇಜಿಗೆ. ಆ ಕಡೆ ಹಿಂದಿನ ಮೂಲೆಯಲ್ಲಿ ಬಸ್ ಕಂಡಕ್ಟರ್ ಒಬ್ಬರು ನಿಂತಿದ್ದರು. ವಯಸ್ಸು ನಲವತ್ತರ ಮೇಲೆ, ಸ್ವಲ್ಪ ಹೊಟ್ಟೆ. ಏನೇ ಬಂದರೂ ಬಗ್ಗಿ ಎರಡು ಮುಂಗೈ ಜೋಡಿಸಿ ಎತ್ತಿಬಿಡುತ್ತಿದ್ದರು. ಅವರು ಎತ್ತಿದ್ದನ್ನೆಲ್ಲ ಅಣ್ಣ ಹೊಡೆದ. ನಮ್ಮೂರು ಸೋತಿತು. ಕೊನೇ ಪಾಯಿಂಟ್ ಹೊಡೆದ ಮೇಲೆ ಅಣ್ಣ ಕೈ ಎತ್ತಲಿಲ್ಲ. ನೆಟ್ ಕೆಳಗೆ ನುಗ್ಗಿ ಬಂದು ನಮ್ಮ ಹುಡುಗರ ಹತ್ತಿರ ನಿಂತ.

2024ರ ಅಕ್ಟೋಬರ್ 20ರಂದು ಜೈಂಟ್ಸ್‌ನ ಸ್ವಂತ ಮೈದಾನವಾದ ಮೆಟ್‌ಲೈಫ್ ಸ್ಟೇಡಿಯಮ್ಮಿನಲ್ಲಿ ಬಾರ್ಕ್ಲಿ ಜೈಂಟ್ಸ್ ವಿರುದ್ಧ 176 ಗಜ ಓಡಿದ, ಈಗಲ್ಸ್ 28-3ರಲ್ಲಿ ಗೆದ್ದಿತು. ಜನ ಅವನನ್ನು ಕೂಗಿ ಹೀಗಳೆಯುತ್ತಿದ್ದರೆ ನನಗೆ ನಮ್ಮೂರಿನ ಆ ಮೈದಾನವೇ ಕಂಡಿತು. ಅವನನ್ನು ಬಿಟ್ಟುಕೊಟ್ಟವರು ಇವರು, ಬೈಗುಳ ಮಾತ್ರ ಅವನಿಗೆ. ಇದು ತಪ್ಪು ಅಲ್ವಾ?

ಮರೆಯುವ ಮೊದಲು ಕೂಟದ ವಿಷಯಗಳು. ಯುಗಾದಿ ಕಾರ್ಯಕ್ರಮ ಏಪ್ರಿಲ್ 5, ಶನಿವಾರ ಮಧ್ಯಾಹ್ನ 2ಕ್ಕೆ, ಎಂದಿನ ಸ್ಕೂಲ್ ಸಭಾಂಗಣದಲ್ಲಿ. ಊಟಕ್ಕೆ ಹೆಸರು ಕೊಡಲು ಮಾರ್ಚ್ 31 ಕೊನೇ ದಿನ, ಹೋಳಿಗೆ ಲೆಕ್ಕ ಹಾಕಿಯೇ ಮಾಡಿಸುವುದು, ದಯವಿಟ್ಟು ತಡ ಮಾಡಬೇಡಿ. ಕನ್ನಡ ಕಲಿ ತರಗತಿ ಭಾನುವಾರ ಹತ್ತಕ್ಕೇ, ಬದಲಾವಣೆ ಇಲ್ಲ. ಜೂನ್ ಪಿಕ್ನಿಕ್‌ಗೆ ಪಾರ್ಕ್ ಇನ್ನೂ ಸಿಕ್ಕಿಲ್ಲ, ಗೊತ್ತಿರುವವರು ತಿಳಿಸಿ. ಸದಸ್ಯತ್ವ ನವೀಕರಿಸದವರು ಬಾಗಿಲಲ್ಲೇ ಮಾಡಿಸಬಹುದು.

ಇನ್ನೊಂದು ವಿಷಯ ಬರೆಯಲು ಮನಸ್ಸೇ ಬರುತ್ತಿಲ್ಲ. ಹನ್ನೆರಡು ವರ್ಷದಿಂದ ನಮ್ಮ ಕೂಟದ ಅಡುಗೆ ಮನೆ, ಮೈಕ್ ಎರಡನ್ನೂ ನೋಡಿಕೊಂಡ ದಂಪತಿ ಮೇ ತಿಂಗಳಲ್ಲಿ ಟೆಕ್ಸಸ್‌ಗೆ ಹೋಗುತ್ತಿದ್ದಾರೆ. ವೇದಿಕೆ ಮೇಲೆ ಅವರನ್ನು ನೀವು ನೋಡಿರಲಿಕ್ಕಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸಾರಿನ ಪಾತ್ರೆ ಉಜ್ಜುತ್ತಿದ್ದವರು ಅವರೇ. ಹಾಡುವವರು, ಕುಣಿಯುವವರು, ನಿರೂಪಣೆ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಕುರ್ಚಿ ಹಾಕಲು ನಾಲ್ಕು ಜನ, ಅಡುಗೆ ಮನೆಗೆ ಮೂವರು, ಪಾರ್ಕಿಂಗ್‌ಗೆ ಇಬ್ಬರು ಬೇಕು. ಈ ಪತ್ರಿಕೆಗೂ ಒಬ್ಬರು ಬೇಕು. ನಾಲ್ಕು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ನಿಜವಾಗಿಯೂ ಸಾಕಾಗಿದೆ. ಬನ್ನಿ, ಜೊತೆಗೆ ಕೂತು ಕಲಿಸಿಕೊಡುತ್ತೇನೆ.

ಈಗ ತಾನೇ ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ ಒಂಬತ್ತು, ತೋಟದಲ್ಲಿದ್ದ. ಅವತ್ತು ನಿನ್ನನ್ನ ಕೊಟ್ಟಿದ್ದು ಸರಿಯಾ ಅಂತ ಕೇಳಿದೆ. "ಲಿಫ್ಟರ್ ಬೇಕಿತ್ತು ಕಣೇ, ತಪ್ಪೇನಿಲ್ಲ. ಆದ್ರೆ ಆ ಕಂಡಕ್ಟರನ್ನ ಕೇಳಬೇಕಿತ್ತು ನಮ್ಮೋರು. ನನ್ನನ್ನ ಕೊಟ್ಟು ಅವರನ್ನೇ ತಗೊಂಡಿದ್ರೂ ನಾವು ಗೆಲ್ತಿದ್ವಿ" ಅಂದ.

ಫೋನ್ ಇಟ್ಟು ಮತ್ತೆ ಅಂಕಿ ಅಂಶ ನೋಡಿದೆ. 2023ರಲ್ಲಿ ಜೈಂಟ್ಸ್‌ನ ಕ್ವಾರ್ಟರ್‌ಬ್ಯಾಕ್‌ಗಳನ್ನು ಎದುರಾಳಿಗಳು 85 ಸಲ ಕೆಡವಿದ್ದಾರೆ. ಮುಂದೆ ನಿಂತು ತಡೆಯುವ ಐವರು ಸರಿ ಇಲ್ಲದಿದ್ದರೆ ಆ ಜಾಗದಲ್ಲಿ ಯಾರನ್ನು ತಂದು ನಿಲ್ಲಿಸಿದರೂ ಬೀಳುತ್ತಿದ್ದರು. ಬಾರ್ಕ್ಲಿ ಫಿಲಡೆಲ್ಫಿಯಾದಲ್ಲಿ ಓಡಿದ್ದು ಲೇನ್ ಜಾನ್ಸನ್, ಜೋರ್ಡನ್ ಮೈಲಾಟ ಥರದ ತಡೆಯುವವರ ಬೆನ್ನ ಹಿಂದೆ. ಸೂಪರ್ ಬೌಲ್‌ನಲ್ಲಿ ಎದುರಾಳಿಗಳು ಅವನನ್ನು 57 ಗಜಕ್ಕೆ ಕಟ್ಟಿಹಾಕಿದರು, ಆಗ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಪಂದ್ಯ ಗೆಲ್ಲಿಸಿದ. ಹರ್ಟ್ಸ್‌ಗಾಗಿ ಅವರು ಯಾವ ಓಡುವವನನ್ನೂ ಕೊಟ್ಟಿರಲಿಲ್ಲ, 2020ರ ಎರಡನೇ ಸುತ್ತಿನಲ್ಲಿ ಆರಿಸಿಕೊಂಡಿದ್ದರು. ಹಾಗಾಗಿ ನನ್ನ ಉತ್ತರ ಸ್ವಲ್ಪ ಬದಲಾಗಿದೆ. ಕ್ವಾರ್ಟರ್‌ಬ್ಯಾಕ್ ಸಿಕ್ಕರೆ ಓಡುವವನನ್ನು ಕೊಡಿ, ಆದರೆ ಆ ಐದು ಜನರನ್ನು ಮೊದಲು ತನ್ನಿ. ಕೊಡುವ ಮೊದಲು ಹುಡುಗನನ್ನೂ ಒಂದು ಮಾತು ಕೇಳಿ.

ಮಗ ಮಲಗಿದ್ದಾನೆ, ನಾಳೆ ಹೇಳಬೇಕು. ಈ ಸಲ ಜೈಂಟ್ಸ್‌ಗೆ 3ನೇ ಸರದಿ. ಡ್ರಾಫ್ಟ್ ಏಪ್ರಿಲ್ 24, ಗುರುವಾರ ರಾತ್ರಿ. ಮಕ್ಕಳ ನಾಟಕದ ಅಭ್ಯಾಸವೂ ಅದೇ ಹೊತ್ತಿಗಿತ್ತು, ಎರಡೂ ಕಡೆಯ ಮಕ್ಕಳು ಬೇಡಿಕೊಂಡಿದ್ದಕ್ಕೆ ಆ ವಾರ ಮಾತ್ರ ಬುಧವಾರ ಸಂಜೆ ಆರೂವರೆಗೆ ಇಟ್ಟಿದ್ದೇವೆ. ಕಿರೀಟ, ಗದೆ ಎಲ್ಲ ನಮ್ಮ ಮನೆ ಗ್ಯಾರೇಜಿನಲ್ಲಿವೆ, ತರಲು ಒಂದು ದೊಡ್ಡ ಕಾರು ಬೇಕು.