ನೋಟಿಸಿಗೆ ಆಗುವ ಲೆಕ್ಕ ಸಾಲಕ್ಕೂ ಆಗಲಿ

ಮಾನ್ಯ ಸಂಪಾದಕರೇ,

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ನನ್ನದೊಂದು ಜೀನ್ಸ್ ಹೊಲಿಗೆ ಘಟಕ ಇದೆ. ಘಟಕ ಅಂದರೆ ದೊಡ್ಡದೇನಲ್ಲ, ಮನೆಯ ಕೆಳಗಿನ ಹಾಲ್‌ನಲ್ಲಿ 11 ಮಷೀನು. ಕಟಿಂಗ್ ಆದ ಬಟ್ಟೆ ಪಾರ್ಟಿಯವರಿಂದ, ಅಂದರೆ ಹೊಲಿಗೆ ಕೆಲಸ ಕೊಡುವ ವ್ಯಾಪಾರಿಗಳಿಂದ ಬರುತ್ತದೆ. ನಾವು ಹೊಲಿದು ವಾಷಿಂಗ್‌ಗೆ ಕಳಿಸುತ್ತೇವೆ. ಡಿಜಿಟಲ್ ಬಂದು ಸಣ್ಣ ಉದ್ದಿಮೆಗಳು ಬೆಳೆಯುತ್ತಿವೆ ಅಂತ ಆಗಾಗ ಓದುತ್ತೇನೆ. ಸುಳ್ಳಲ್ಲ. ಆದರೆ ಆ ಮಾತು ಎಲ್ಲಿಯವರೆಗೆ ನಿಜ ಅಂತ ಮಷೀನಿನ ಮುಂದೆ ಕೂತವರೂ ಒಂದಿಷ್ಟು ಹೇಳಬೇಕಲ್ವಾ?

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಮುಂಚೆ ಶನಿವಾರದ ಬಟವಾಡೆ ಅಂದರೆ ತಲೆನೋವು. ಬೆಳಿಗ್ಗೆ ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕು, ಸಂಜೆ ಚಿಲ್ಲರೆಗೆ ಓಡಾಡಬೇಕು. ಈಗ ಕೂತಲ್ಲೇ ಫೋನಿನಲ್ಲಿ ಕೂಲಿ ಹಾಕುತ್ತೇನೆ. ಹಬ್ಬಕ್ಕೆ ಊರಿಗೆ ಹೋದ ಟೇಲರ್ ಅಲ್ಲಿಂದಲೇ ಮುಂಗಡ ಕೇಳಿದರೂ ಆ ಕ್ಷಣಕ್ಕೆ ಸಿಗುತ್ತದೆ. (ಇದರಿಂದ ಮುಂಗಡ ಕೇಳುವವರು ಜಾಸ್ತಿ ಆಗಿದ್ದಾರೆ, ಅದು ಬೇರೆ ಮಾತು.) ದಾರ, ಜಿಪ್ಪು, ಗುಂಡಿ ತರುವ ಅಂಗಡಿಯಲ್ಲೂ ಸ್ಕ್ಯಾನ್. 2016ರಲ್ಲಿ ಯುಪಿಐ ಬಂದಾಗ ನಾನು ಇದನ್ನು ನಂಬಿರಲಿಲ್ಲ. ಈಗ ನನ್ನ ವ್ಯವಹಾರ ಪೂರ್ತಿ ಅದರಲ್ಲೇ ದಾಖಲಾಗಿದೆ.

ನನ್ನ ತಕರಾರು ಆ ದಾಖಲೆಯ ಬಗ್ಗೆಯೇ. ಹೋದ ವರ್ಷ ಒಂದು ಬಾರ್‌ಟ್ಯಾಕ್ ಮಷೀನು, ಎರಡು ಓವರ್‌ಲಾಕ್ ತಗೊಳ್ಳಲು ಬ್ಯಾಂಕಿಗೆ ಮುದ್ರಾ ಸಾಲ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಸಾಲ ಯೋಜನೆ) ಕೇಳಲು ಹೋಗಿದ್ದೆ. ಈ ಯೋಜನೆ 2015ರಿಂದ ಇದೆ. ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಸಿಗುತ್ತದೆ, ಅಡಮಾನ ಕೇಳುವ ಹಾಗಿಲ್ಲ. ನಮ್ಮದು ಸಣ್ಣ ಉದ್ದಿಮೆ ಅಂತ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರ, ಎರಡು ವರ್ಷದ ಖಾತೆ ವಿವರ ಎಲ್ಲ ಇಟ್ಟೆ. ಮ್ಯಾನೇಜರ್ ಹಾಳೆ ತಿರುವಿ ಹಾಕಿ, 'ಇದೆಲ್ಲ ಸರಿ, ಮನೆ ಪತ್ರ ತನ್ನಿ' ಅಂದರು. ಮನೆ ಇನ್ನೂ ತೀರಿಹೋದ ನಮ್ಮ ಅಪ್ಪನ ಹೆಸರಿನಲ್ಲೇ ಇದೆ. ಸುಮ್ನೆ ಎದ್ದು ಬಂದೆ. ಕೊನೆಗೆ ಕೈಸಾಲವೇ ಗತಿಯಾಯಿತು, ಮೂರು ರೂಪಾಯಿ ಬಡ್ಡಿ. ಅಂದರೆ ವರ್ಷಕ್ಕೆ ನೂರಕ್ಕೆ 36.

ಈಗ ಇನ್ನೊಂದು ಕಡೆ ನೋಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದೇ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಹಾಲು, ತರಕಾರಿ ಮಾರುವವರು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಅಂತ ಬೋರ್ಡ್ ಹಾಕಿದರು. ಹಳೆಯ ಬಾಕಿ ಕೇಳುವುದಿಲ್ಲ ಅಂತ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ತೆರಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ಹಾಳೆ ನೋಟಿಸ್ ಕೊಡಲು ಸಾಕು, ಸಾಲ ಕೊಡಲು ಸಾಲದು ಅಂದರೆ ಹೇಗೆ? ನಮ್ಮ ಒಪ್ಪಿಗೆ ಪಡೆದು ಖಾತೆ ವಿವರವನ್ನು ಸಾಲ ಕೊಡುವವರಿಗೆ ನೇರವಾಗಿ ಕಳಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ 2021ರಿಂದಲೇ ಇದೆ. ನನಗೆ ಅದರ ಹೆಸರನ್ನು ಬ್ಯಾಂಕಿನವರು ಯಾರೂ ಹೇಳಲಿಲ್ಲ, ಮಗಳು ಫೋನಿನಲ್ಲಿ ತೋರಿಸಿದಳು.

ಜಿಎಸ್‌ಟಿಯದೂ ಒಂದು ಮಾತು. ಸರಕು ಮಾರುವವರಿಗೆ 40 ಲಕ್ಷ ವಹಿವಾಟಿನ ತನಕ ನೋಂದಣಿ ಬೇಡ ಅಂತ ನಮ್ಮವರು ನೆಮ್ಮದಿಯಾಗಿದ್ದಾರೆ. ಆದರೆ ಬೇರೆಯವರ ಬಟ್ಟೆ ಹೊಲಿದು ಕೊಡುವ ಜಾಬ್ ವರ್ಕ್ ಸೇವೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಮಿತಿ 20 ಲಕ್ಷ. ನಮ್ಮ ಓಣಿಯಲ್ಲಿ ಇದು ಎಷ್ಟು ಜನಕ್ಕೆ ಗೊತ್ತು?

ಇನ್ನು ಪಾರ್ಟಿಯವರ ಬಾಕಿ. ನಾನು ಟೇಲರ್‌ಗೆ ವಾರವಾರ ಕೊಡಬೇಕು, ನನಗೆ ಬರುವುದು ಮೂರು ನಾಲ್ಕು ತಿಂಗಳಿಗೆ. 2006ರ ಕಾಯ್ದೆ ಪ್ರಕಾರ ಸಣ್ಣ ಘಟಕಗಳ ಹಣವನ್ನು 45 ದಿನದೊಳಗೆ ಕೊಡಬೇಕು, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನಕ್ಕೇ. 2023ರ ಬಜೆಟ್‌ನಲ್ಲಿ ಇದಕ್ಕೆ ಹಲ್ಲು ಬಂತು: ಹೊತ್ತಿಗೆ ಸರಿಯಾಗಿ ಕೊಡದಿದ್ದರೆ, ಹಣ ಕೊಡುವ ತನಕ ಪಾರ್ಟಿಯವರು ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆದುಕೊಳ್ಳುವ ಹಾಗಿಲ್ಲ. ಓದಿ ಖುಷಿಪಟ್ಟಿದ್ದೆ. ಒಬ್ಬ ಪಾರ್ಟಿ ಫೋನ್ ಮಾಡಿ, 'ಅಣ್ಣಾ, ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಬೇಡ' ಅಂದ. ನಂಬರ್ ಇದ್ದರೆ ನಾನು ಈ ನಿಯಮದೊಳಗೆ ಬರುವ ಸಣ್ಣ ಘಟಕ ಅಂತ ಬಿಲ್ಲೇ ಹೇಳುತ್ತದಲ್ಲ. ಬಾಕಿಯ ಬಗ್ಗೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ತಡವಾದದ್ದಕ್ಕೆ ಬಡ್ಡಿಯೂ ಕೇಳಬಹುದು. ಆದರೆ ದೂರು ಕೊಟ್ಟ ಮೇಲೆ ಅವನು ನನಗೆ ಮತ್ತೆ ಬಟ್ಟೆ ಕಳಿಸುತ್ತಾನಾ? ನಂಬರ್ ತೆಗೆದೇ ಬಿಲ್ ಕೊಟ್ಟೆ.

ಜಿಲ್ಲೆಯ ಬ್ಯಾಂಕಿನವರು, ಕೈಗಾರಿಕಾ ಇಲಾಖೆಯವರು, ತೆರಿಗೆಯವರು ಒಟ್ಟಿಗೆ ಕೌಲ್‌ಬಜಾರಿನಲ್ಲೇ ಒಂದು ದಿನ ಕೂರಲಿ. ಬಾಕಿಯ ದೂರನ್ನು ನಮ್ಮ ಹೆಸರಿಲ್ಲದೆ ಸಂಘದ ಮೂಲಕ ಕೊಡಲು ಆಗುತ್ತದಾ, ಅದನ್ನೂ ಹೇಳಲಿ. ಶನಿವಾರ ಮಾತ್ರ ಬೇಡ, ಬಟವಾಡೆ ಇರುತ್ತದೆ. ನಾನು ಫೋನು, ಆಧಾರ್, ಉದ್ಯಮ್ ಪತ್ರ ತಗೊಂಡು ಮೊದಲೇ ಬಂದು ಕೂರುತ್ತೇನೆ. ಮನೆ ಪತ್ರ ಮಾತ್ರ ಕೇಳಬೇಡಿ.

ಇಂತಿ,
ಜೀನ್ಸ್ ಹೊಲಿಗೆ ಘಟಕದ ಮಾಲೀಕ
ಕೌಲ್‌ಬಜಾರ್, ಬಳ್ಳಾರಿ