ಅಕ್ಕನ ಬ್ಯಾಗಿನಲ್ಲಿ ಏನು ಕಳಿಸಬೇಕು ಅಂದರೆ

ಸ್ಟಟ್‌ಗಾರ್ಟ್, ಜರ್ಮನಿ, ಏಪ್ರಿಲ್

ಪ್ರೀತಿಯ ಆಯಿ,

ನಾನು ಆರಾಮ. ಅಕ್ಕ, ಭಾವ ಬರುವಾಗ ಏನು ಕಳಿಸಲಿ ಅಂತ ನೀನು ಫೋನಿನಲ್ಲಿ ಕೇಳುತ್ತಲೇ ಇದ್ದೆ, ಏನೂ ಬೇಡ ಅಂದೆ. ಅದು ಸುಮ್ನೆ ಅಂದಿದ್ದು. ಬೇಕು. ಆದರೆ ನೀನು ಕಟ್ಟಿಡುವುದೇ ಬೇರೆ, ನನಗೆ ಬೇಕಾದದ್ದೇ ಬೇರೆ, ಅದಕ್ಕೇ ಬರೆಯುತ್ತಿದ್ದೇನೆ.

ತುಪ್ಪ ಬೇಡ. ಯುರೋಪಿನ ಹೊರಗಿನಿಂದ ಇಲ್ಲಿಗೆ ಬರುವವರು ಹಾಲಿನ ಪದಾರ್ಥ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಕಿತ್ತುಕೊಳ್ಳುತ್ತಾರೆ. ಪೇಡಾಕ್ಕೂ ಅದೇ ಗತಿ. ಕರಿಬೇವೂ ಬೇಡ. 2019ರ ಡಿಸೆಂಬರಿನಿಂದ ಸೊಪ್ಪು, ತರಕಾರಿ, ಹಣ್ಣು ಏನು ತಂದರೂ ರೋಗ ಇಲ್ಲ ಅಂತ ಸರ್ಟಿಫಿಕೇಟ್ ಬೇಕು. ಅನಾನಸು, ಬಾಳೆಹಣ್ಣು, ಖರ್ಜೂರ, ಡೂರಿಯನ್ ಅನ್ನುವ ಮುಳ್ಳು ಹಣ್ಣು, ಮತ್ತೆ ತೆಂಗಿನಕಾಯಿ, ಈ ಐದಕ್ಕೆ ಮಾತ್ರ ಮಾಫಿ. ಕಾಯಿ ಬಿಡುತ್ತಾರೆ, ಒಗ್ಗರಣೆ ಎಲೆ ಬಿಡುವುದಿಲ್ಲ, ಹೇಗಿದೆ ನೋಡು! ಅಪ್ಪ ಇದನ್ನು ಕೇಳಿದ್ದೇ ಕಾಯಿ ಸುಲಿಯಲು ಕೂತಾನು, ಬೇಡ ಅನ್ನು. ಇಲ್ಲಿ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ತುರಿದ ಕಾಯಿಯೇ ಫ್ರೀಜರಿನಲ್ಲಿ ಸಿಗುತ್ತದೆ.

ನನಗೆ ಬೇಕಾದದ್ದು ಉಪ್ಪುನೀರಿನ ಅಪ್ಪೆಮಿಡಿ. ಶಿರಸಿ ಪೇಟೆಗೆ ಹೊಳೆ ಬದಿಯ ಮಿಡಿ ಬಂದಿದ್ದರೆ ಅದನ್ನೇ ಹಾಕು. ಖಾರ ಕಲಸಬೇಡ. ಕಲಸಿದರೆ ಉಪ್ಪಿನಕಾಯಿ ಒಂದೇ, ಉಪ್ಪಿನಲ್ಲಿದ್ದರೆ ಅಪ್ಪೆಹುಳಿಗೂ ಆಗುತ್ತದೆ, ಗೊಜ್ಜಿಗೂ ಆಗುತ್ತದೆ. ತೊಟ್ಟು ಮುರಿದಿರಬಾರದು, ಸೊನೆ ಹೋದರೆ ಪರಿಮಳವೇ ಇಲ್ಲ. ನಿನಗೇ ಪಾಠ ಹೇಳುತ್ತಿದ್ದೇನೆ, ಬೈಯಬೇಡ.

ಒಂದು ಸಣ್ಣ ಡಬ್ಬಿ ಖಾರದ್ದೂ ಇರಲಿ, ಅದು ಕೆಳಗಿನ ಮನೆ ಅಜ್ಜಿಗೆ. ಈ ಊರಿನ ಪಕ್ಕ ಫಿಲ್ಡರ್ ಅಂತ ಒಂದು ಬಯಲಿದೆ, ಅಲ್ಲಿ ಚೂಪು ತಲೆಯ ಕೋಸು ಬೆಳೆಯುತ್ತಾರೆ. ಅಜ್ಜಿ ಅದನ್ನು ನೂಲಿನಷ್ಟು ಸಣ್ಣಗೆ ಹೆಚ್ಚಿ, ಕಿಲೋಗೆ 20 ಗ್ರಾಂ ಲೆಕ್ಕದಲ್ಲಿ ಉಪ್ಪು ತೂಗಿ ಹಾಕಿ, ನೀರು ಬಿಡುವ ತನಕ ಹಿಸುಕಿ, ಭರಣಿಗೆ ಒತ್ತಿ ತುಂಬಿ, ಮೇಲೆ ಕಲ್ಲು ಹೇರುತ್ತಾರೆ. ಎಣ್ಣೆ ಇಲ್ಲ, ಸಾಸಿವೆ ಇಲ್ಲ, ವಾರಗಟ್ಟಲೆ ತಾನಾಗೇ ಹುಳಿ ಬರಬೇಕು. ಮುಚ್ಚಳ ಪದೇ ಪದೇ ತೆಗೆಯಬಾರದು ಅಂತ ಗದರುವುದು ಥೇಟ್ ನಿನ್ನ ಹಾಗೇ. ಹೋದ ವರ್ಷದ ಮಿಡಿ ಕೊಟ್ಟಾಗ ಆಲಿವ್ ಅಂದುಕೊಂಡು ಇಡೀದಾಗಿ ಬಾಯಿಗೆ ಹಾಕಿಕೊಂಡರು. ನೀರು ಕುಡಿದರು, ಕಣ್ಣೊರೆಸಿಕೊಂಡರು, ಆಮೇಲೆ ಇನ್ನೊಂದು ಕೇಳಿದರು.

ಅವರದು ರಾತ್ರಿ ಊಟಕ್ಕೆ ತಣ್ಣಗಿನ ಬ್ರೆಡ್ಡು, ಚೀಸು, ಅಷ್ಟೇ. ಇದೆಂಥ ಊಟ ಅಂತ ಮೊದಮೊದಲು ಅನಿಸುತ್ತಿತ್ತು. ಈಗ ಆಫೀಸಿನಿಂದ ಬಂದು ನಾನೇ ಒಲೆ ಮುಂದೆ ನಿಂತಾಗ ಅವರದೇ ಸರಿ ಅನಿಸುತ್ತದೆ. ನಮ್ಮನೆಯಲ್ಲಿ ಎರಡು ಹೊತ್ತೂ ಬಿಸಿ ಅನ್ನ. ಊಟಕ್ಕೆ ಕೂರುವ ಮುಂಚೆ ನೀನು ಹಿತ್ತಿಲಿಗೆ ಹೋಗಿ ಹಿಡಿ ಒಂದೆಲಗ ಕಿತ್ತು ತಂದು, ಕಾಯಿ, ಜೀರಿಗೆ, ಮೆಣಸಿನಕಾಳು ಹಾಕಿ ಬೀಸಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿಬಿಡುತ್ತಿದ್ದೆ. ಎಲೆಗೆ ದುಡ್ಡಿಲ್ಲ, ನಿನ್ನ ಕೆಲಸಕ್ಕೂ ಲೆಕ್ಕ ಇಲ್ಲ. ಇಲ್ಲಿ ಒಂದು ಹಿಡಿ ಸೊಪ್ಪಿಗೂ ದರದ ಚೀಟಿ, ಭಾನುವಾರವಂತೂ ಅಂಗಡಿಯೇ ಇಲ್ಲ, ನಾಳೆಗೆ ಏನು ಅಂತ ಶನಿವಾರವೇ ಯೋಚಿಸಬೇಕು. ನೀನು ಅದನ್ನು ದಿನಾ ಯೋಚಿಸುತ್ತಿದ್ದೆ, ಅಲ್ವಾ? ವಾರಕ್ಕೊಂದು ರಾತ್ರಿ ಮೊಸರವಲಕ್ಕಿ ತಿಂದರೆ ಅಪ್ಪನಿಗೇನೂ ಆಗುವುದಿಲ್ಲ. ಬೇಕಾದರೆ ನಾನೇ ಹೇಳುತ್ತೇನೆ.

ಕಿಟಕಿ ಹತ್ತಿರ ಕುಂಡದಲ್ಲಿಟ್ಟ ದೊಡ್ಡಪತ್ರೆ ಚಿಗುರಿದೆ, ತಂಬುಳಿಗೆ ಸಾಲುವಷ್ಟಿದೆ. ಎಲೆಯನ್ನು ತುಪ್ಪದಲ್ಲಿ ಬಾಡಿಸಿ ಬೀಸುವುದೋ, ಹಸಿಯಾಗೇ ಬೀಸುವುದೋ, ತಿಳಿಸು.

ಮಿಡಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳಕ್ಕೆ ಟೇಪ್ ಸುತ್ತು. ಅಕ್ಕನ ಸೀರೆಗಳ ನಡುವೆ ಮಾತ್ರ ಇಡಬೇಡ, ಸೋರಿದರೆ ಬೈಗುಳ ನನಗೇ.

ನಿನ್ನ
ಮಾಣಿ