ಅಜ್ಜಿ ನಿನ್ನ ಮನೆಗೆ ಬರುವ ಮುಂಚೆ

ಪುಟ್ಟಿ,

ಗುರುವಾರ ಅಪ್ಪ ಅಜ್ಜಿಯನ್ನು ಸಾಗರದಿಂದ ರೈಲಿನಲ್ಲಿ ಮೈಸೂರಿಗೆ ಕರೆದುಕೊಂಡು ಬರುತ್ತಾರೆ. ಊಟದ ವಿಷಯ ಫೋನಿನಲ್ಲಿ ಹೇಳೋಣ ಅಂದರೆ ಅವಳು ಪಕ್ಕದಲ್ಲೇ ಇರುತ್ತಾಳೆ. ಈ ವಯಸ್ಸಿನಲ್ಲೂ ಕಿವಿ ಮಾತ್ರ ಬಲು ಚುರುಕು! ಅದಕ್ಕೇ ಈ ಪತ್ರ.

ನೋಡಿದ ಕೂಡಲೇ ನಿನಗೆ ಗೊತ್ತಾಗುತ್ತದೆ, ತುಂಬಾ ಇಳಿದುಹೋಗಿದ್ದಾಳೆ. ರವಿಕೆಗಳಿಗೆಲ್ಲ ಪಕ್ಕದಲ್ಲಿ ಪಿನ್ನು ಹಾಕಿಕೊಳ್ಳುತ್ತಾಳೆ. ದೀಪಾವಳಿ ಹೊತ್ತಿಗೆ 52 ಕೆಜಿ ಇದ್ದವಳು ಈಗ 48. ಬಂದ ನೆಂಟರೆಲ್ಲ "ವಯಸ್ಸಾಯ್ತಲ್ಲ, ಇನ್ನೆಷ್ಟು ತಿಂತಾರೆ" ಅನ್ನುತ್ತಾರೆ. ನೀನು ಮಾತ್ರ ಹೂಂಗುಡಬೇಡ. ವಯಸ್ಸಾದಂತೆ ಹಸಿವು ಕುಗ್ಗುವುದು ನಿಜ. ವಾಸನೆ, ರುಚಿ ಮೊದಲಿನ ಹಾಗೆ ಗೊತ್ತಾಗುವುದಿಲ್ಲ. ಹೊಟ್ಟೆ ಖಾಲಿಯಾಗುವುದೂ ನಿಧಾನ, ನಾಲ್ಕು ತುತ್ತಿಗೇ ತುಂಬಿದ ಹಾಗಾಗುತ್ತದೆ. ಆದರೆ ಆರು ತಿಂಗಳಿಂದ ವರ್ಷದೊಳಗೆ ತೂಕ ನೂರಕ್ಕೆ 5ರಷ್ಟು ಇಳಿದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಅಜ್ಜಿಯದು ಅದಕ್ಕಿಂತ ಜಾಸ್ತಿಯೇ ಇಳಿದಿದೆ. ಥೈರಾಯ್ಡು, ರಕ್ತ ಎಲ್ಲ ನೋಡಿಸಿ ಆಯ್ತು, ಅದರಲ್ಲಿ ಏನೂ ಸಿಗಲಿಲ್ಲ.

ಹಸಿವಿಲ್ಲದ್ದು ಒಂದು ಪಾಲು. ಹಸಿದರೂ ತಿನ್ನದಿರುವುದು ಇನ್ನೊಂದು ಪಾಲು, ಅದೇ ದೊಡ್ಡದು. ಸಂಜೆಯಾದ ಮೇಲೆ ನೀರು, ಮಜ್ಜಿಗೆ ಮುಟ್ಟುವುದಿಲ್ಲ. ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿಬಿದ್ದರೆ ಅನ್ನುವ ಹೆದರಿಕೆ. ಅವಳ ಮಂಚದಿಂದ ಬಚ್ಚಲವರೆಗೂ ರಾತ್ರಿ ದೀಪ ಇರಲಿ. ಹಲ್ಲಿನ ಸೆಟ್ಟು ಸಡಿಲವಾಗಿದೆ. ಊಟಕ್ಕೆ ಕೂತಾಗ ಗಮನಿಸು. ಪಲ್ಯವನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿ, ಮೇಲೆ ಒಂದಿಷ್ಟು ಅನ್ನ ಮುಚ್ಚಿ, "ಸಾಕಮ್ಮ, ತುಂಬಾ ಆಯ್ತು" ಅನ್ನುತ್ತಾಳೆ. ಎದುರಿಗೆ ಯಾರಾದರೂ ಹೊಸಬರಿದ್ದರಂತೂ ಬರೀ ಮೊಸರನ್ನ. ಅಲ್ಲೇ ಒಬ್ಬರು ಹಲ್ಲಿನ ಡಾಕ್ಟರಿಗೆ ತೋರಿಸು.

ಮೇಲೆ ಸಕ್ಕರೆ ಕಾಯಿಲೆಯ ಭಯ. ವಾಟ್ಸಾಪಿನಲ್ಲಿ ಯಾರೋ ಅನ್ನ ವಿಷ ಅಂತ ಕಳಿಸಿದ್ದನ್ನು ಹಿಡಿದುಕೊಂಡು ಕೂತಿದ್ದಾಳೆ. ಏಕಾದಶಿ, ಸಂಕಷ್ಟಿ ಮೊದಲೂ ಮಾಡುತ್ತಿದ್ದಳು. ಈಗ ಸೋಮವಾರ, ಗುರುವಾರವೂ ಒಪ್ಪತ್ತು. ದೇವರ ಹೆಸರು ಹೇಳಿದರೆ ಯಾರೂ ಬಲವಂತ ಮಾಡುವುದಿಲ್ಲ ಅಂತ ಅವಳಿಗೆ ಗೊತ್ತು. ಸಕ್ಕರೆ ಕಾಯಿಲೆಗೆ ಅವಳು ತೆಗೆದುಕೊಳ್ಳುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ದಿಢೀರ್ ಇಳಿದುಬಿಡುತ್ತದೆ. ಬೆವರು, ನಡುಕ, ತೊದಲು ಮಾತು ಕಂಡರೆ ತಕ್ಷಣ ಸಕ್ಕರೆ ನೀರು ಕೊಡು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ನೇರ ಆಸ್ಪತ್ರೆ. ಅದೇ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೂಡ ಕೆಲವರಿಗೆ ಹಸಿವು ಕೆಡಿಸುತ್ತದೆ. ಹಾಗಂತ ನೀನೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡ. ಚೀಟಿ ತೋರಿಸಿ ಡಾಕ್ಟರನ್ನು ಕೇಳು.

ಅಜ್ಜ ಹೋದ ಮೇಲೆ ಅವಳು ರಾತ್ರಿ ಅನ್ನ ಬಿಟ್ಟಿದ್ದಾಳೆ, ನಮ್ಮ ಕಡೆಯ ಹಳೇ ಪದ್ಧತಿ. ನನಗೆ ಇದು ಒಂಚೂರೂ ಇಷ್ಟವಿಲ್ಲ. ಆದರೆ ಎಂಬತ್ತು ದಾಟಿದವಳ ಹತ್ತಿರ ಆ ವಾದ ಯಾಕೆ? ಅವಳ ನಿಯಮದೊಳಗೇ ದಾರಿ ಇದೆ. ಶೇಂಗಾ ಹಾಕಿದ ಅವಲಕ್ಕಿ, ಹೆಸರುಬೇಳೆ ದೋಸೆ, ಒಂದು ಲೋಟ ಹಾಲು. ಅನ್ನ-ಸಾರಿನಲ್ಲಿ ಪ್ರೊಟೀನ್ ಎಷ್ಟಿರುತ್ತದೆ ಹೇಳು? ಈ ವಯಸ್ಸಿನಲ್ಲಿ ಕೆಜಿ ತೂಕಕ್ಕೆ 1 ಗ್ರಾಂ ಆದರೂ ಬೇಕು, ಅಂದರೆ ಅವಳಿಗೆ ದಿನಕ್ಕೆ 50 ಗ್ರಾಂ ಹತ್ತಿರ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ. ಅಜ್ಜಿಗೆ ಆ ತೊಂದರೆ ಇಲ್ಲ.

ತಟ್ಟೆ ತುಂಬ ಬಡಿಸಬೇಡ, ನೋಡಿಯೇ ಸುಸ್ತಾಗುತ್ತಾಳೆ. ಸ್ವಲ್ಪಸ್ವಲ್ಪ, ಐದಾರು ಸಲ. ಊಟಕ್ಕೆ ಮುಂಚೆ ಕಾಫಿ ಬೇಡ. ಬಿಪಿ ಅಂತ ಉಪ್ಪು ಕಮ್ಮಿ ಮಾಡಿದ್ದೇವೆ, ಅದಕ್ಕೆ ಎಲ್ಲ ಸಪ್ಪೆ ಅನ್ನುತ್ತಾಳೆ. ನಿಂಬೆಹುಳಿ, ಕಾಳುಮೆಣಸು, ಇಂಗಿನ ಒಗ್ಗರಣೆ ಧಾರಾಳವಾಗಿ ಹಾಕು. ಒಂದೆಲಗದ ತಂಬುಳಿ ಇದ್ದರೆ ಎರಡನೇ ಸಲ ಅನ್ನ ಕೇಳುತ್ತಾಳೆ. ನೀನೂ ಜೊತೆಗೇ ಕೂತು ಉಣ್ಣು. ಒಬ್ಬಳೇ ಆದರೆ ಅರ್ಧಕ್ಕೇ ಏಳುತ್ತಾಳೆ. ಅವಳ ಬಾಯಿ ನೋಡುತ್ತಾ ತುತ್ತು ಎಣಿಸಬೇಡ, ಸುಮ್ನೆ ಊರಿನ ಮದುವೆಗಳ ಕಥೆ ಕೇಳು.

ನುಂಗುವಾಗ ಪದೇ ಪದೇ ಕೆಮ್ಮು ಬಂದರೆ, ಅಥವಾ ಮಾತೇ ಬಿಟ್ಟು ಮಂಕಾಗಿ ಕೂತರೆ, ನನಗೆ ಫೋನ್ ಮಾಡಲು ಕಾಯಬೇಡ, ಡಾಕ್ಟರ್ ಹತ್ತಿರ ಹೋಗು. ಮನಸ್ಸಿನ ಬೇಜಾರಿಗೂ ಈ ವಯಸ್ಸಿನಲ್ಲಿ ಔಷಧಿ ಇದೆ. ಮಾತ್ರೆ ಚೀಟಿ ನೀಲಿ ಬ್ಯಾಗಿನ ಹೊರಗಿನ ಜೇಬಿನಲ್ಲಿದೆ. ಮಿಡಿ ಉಪ್ಪಿನಕಾಯಿ ನಿನಗೆ ಮಾತ್ರ, ಅಜ್ಜಿ ಎಷ್ಟೇ ಕೇಳಿದರೂ ಒಂದು ಚೂರಿಗಿಂತ ಹೆಚ್ಚು ಕೊಡಬೇಡ.

ನಿನ್ನ,
ಅಮ್ಮ